ಮಳೆಗೆ ಜೋತುಬಿದ್ದ ಕಯಾಕ್ ಬಟ್ಟೆ: ಬಿಚ್ಚಬೇಕೇ, ಬಳಿಯಬೇಕೇ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಬೇಲೂರು ತಾಲ್ಲೂಕು, ಅರೇಹಳ್ಳಿ ಕಡೆ. ಕಾಫಿ ಕೊಯ್ಲು ಮುಗಿದ ಮೇಲೆ ಒಂದು ಕಯಾಕ್, ಅಂದರೆ ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ, ಮಾಡೋಣ ಅಂತ ಕೂತೆ. 14 ಅಡಿ ಉದ್ದ, ಸಿಲ್ವರ್ ಓಕ್ ಪಟ್ಟಿಗಳು, ಬಿದಿರು ದಬ್ಬೆಯ ಪಕ್ಕೆಗಳು. ಮೊಳೆ ಒಂದೂ ಇಲ್ಲ, ಎಲ್ಲ ದಾರದಲ್ಲೇ ಕಟ್ಟಿದ್ದು. ಬೆಂಗಳೂರಿನಿಂದ ದಪ್ಪ ಬಿಳಿ ಬಟ್ಟೆ ತರಿಸಿ ಏಪ್ರಿಲ್‌ನಲ್ಲಿ ಈ ಚೌಕಟ್ಟಿಗೆ ಹೊದಿಸಿ ಹೊಲಿದೆ. ಅಂಗಡಿಯವರು ನೈಲಾನ್ ಅಂದಿದ್ದರು. ಆಗ ಬೆರಳಲ್ಲಿ ತಟ್ಟಿದರೆ ಢಣ್ ಅನ್ನುತ್ತಿತ್ತು. ಬಣ್ಣ ಬಳಿಯೋಷ್ಟರಲ್ಲಿ ಮಳೆ ಹಿಡಿಯಿತು, ಹಾಗೇ ಶೆಡ್ಡಿನಲ್ಲಿಟ್ಟೆ. ಈಗ ಆಶ್ಲೇಷ ಮಳೆಯಲ್ಲಿ ನೋಡಿದರೆ ಎಲ್ಲ ಜೋತುಬಿದ್ದಿದೆ. ಮೂತಿಯ ಹತ್ತಿರ ಅಡ್ಡಡ್ಡ ಸುಕ್ಕು. ತಳದಲ್ಲಿ ಪಕ್ಕೆಗಳ ಗುರುತು ಎದ್ದು ಕಾಣುತ್ತೆ. ನಮ್ಮ ಭಾವ, ತಮಟೆ ಕಾಯಿಸಿದ ಹಾಗೆ ಬೆಂಕಿ ತೋರಿಸು ಅಂತಾರೆ. ಅಪ್ಪ, ನೀರು ಹೊಯ್ದು ನೆನೆಸು, ತಾನೇ ಬಿಗಿಯುತ್ತೆ ಅಂತಾರೆ. ಆಚಾರ್ರು, ಮೇಲೆ ಫೈಬರ್ ಹಾಕಿಸಿಬಿಡಿ, ಜನ್ಮಕ್ಕಾಯಿತು ಅಂತಾರೆ. ನನಗೇನೋ ನಾನು ಹೊಲಿದಿದ್ದೇ ಸರಿಯಿಲ್ಲ ಅನ್ನಿಸುತ್ತೆ. ಬಿಚ್ಚಿ ಮತ್ತೆ ಹೊಲಿಯಬೇಕಾ, ಇಲ್ಲ ದಪ್ಪಕ್ಕೆ ಎರಡು ಕೋಟ್ ಎನಾಮಲ್ ಬಳಿದರೆ ಎಳೆದುಕೊಳ್ಳುತ್ತಾ? ಹೇಮಾವತಿ ಹಿನ್ನೀರಿನಲ್ಲಿ ಇಳಿಸುವ ಆಸೆ.

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ತಿಂಗಳುಗಳು. ಹೊಲಿದದ್ದು ಏಪ್ರಿಲ್, ಜೋತುಬಿದ್ದದ್ದು ಆಶ್ಲೇಷ. ಬಟ್ಟೆ ನಿಜಕ್ಕೂ ನೈಲಾನ್ ಆಗಿದ್ದರೆ, ನೀವು ಎಷ್ಟೇ ಚೆನ್ನಾಗಿ ಹೊಲಿದಿದ್ದರೂ ಅದು ಮಲೆನಾಡಿನ ಮಳೆಗಾಲದಲ್ಲಿ ಸಡಿಲವಾಗಿಯೇ ತೀರುತ್ತಿತ್ತು. ಹಾಗಂತ ಎಲ್ಲ ತಪ್ಪನ್ನೂ ಮಳೆಯ ಮೇಲೆ ಹಾಕುವ ಹಾಗಿಲ್ಲ. ಮೂತಿಯ ಹತ್ತಿರದ ಅಡ್ಡಸುಕ್ಕಿನ ಕತೆ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ನೈಲಾನ್ ನೂಲು ನೀರು ಕುಡಿಯುತ್ತದೆ. ಗಾಳಿಯಲ್ಲಿ ಸಾಧಾರಣ ತೇವ ಇರುವಾಗ ತನ್ನ ತೂಕದ ಶೇ. 4ರಷ್ಟು ನೀರನ್ನು ಒಳಗಿಟ್ಟುಕೊಂಡಿರುತ್ತದೆ, ಪೂರ್ತಿ ನೆನೆದರೆ ಶೇ. 8-9ರವರೆಗೂ ಹೋಗುತ್ತದೆ. ಕುಡಿದಷ್ಟೂ ಉದ್ದವಾಗುತ್ತದೆ. ಒಣಗಿದ ಸ್ಥಿತಿಗೂ ನೆನೆದ ಸ್ಥಿತಿಗೂ ಉದ್ದದಲ್ಲಿ ಶೇ. 2-3ರಷ್ಟು ವ್ಯತ್ಯಾಸ ಬರುವುದು ಮಾಮೂಲು. ಶೇ. 2 ಅಂದರೇನು ಮಹಾ ಅನ್ನಿಸಬಹುದು, ಆದರೆ ನಿಮ್ಮ 14 ಅಡಿಗೆ ಅದು ಮೂರು ಇಂಚಿನ ಮೇಲಾಯಿತು. ಅಷ್ಟು ಹೆಚ್ಚುವರಿ ಬಟ್ಟೆ ಎಲ್ಲಿಗಾದರೂ ಹೋಗಲೇಬೇಕಲ್ಲ, ಸುಕ್ಕಾಗಿ ಕೂರುತ್ತದೆ. ಮಳೆ ಸುರಿಯಬೇಕೆಂದೂ ಇಲ್ಲ. ಶೆಡ್ಡಿನ ಒಳಗಿದ್ದರೂ ಜುಲೈ-ಆಗಸ್ಟ್‌ನ ಗಾಳಿಯ ತೇವವೇ ಸಾಕು, ಅದರಲ್ಲೂ ಬಣ್ಣ ಬಳಿಯದ ಬರಿ ಬಟ್ಟೆಗೆ.

ಈಗ ಮನೆಯವರ ಸಲಹೆಗಳು. ಮೂರರಲ್ಲಿ ಎರಡು ಸುಳ್ಳಲ್ಲ, ಬೇರೆ ಬಟ್ಟೆಗೆ ಹೇಳಬೇಕಾದ ಮಾತು ಅಷ್ಟೆ.

ನಿಮ್ಮ ತಂದೆಯವರು ಹೇಳಿದ್ದು ಹತ್ತಿಯ ಅನುಭವ. ಹತ್ತಿ ಕ್ಯಾನ್ವಾಸ್ ನೆನೆದರೆ ಎಳೆಗಳು ದಪ್ಪವಾಗಿ ನೇಯ್ಗೆ ಒಳಗೆ ಎಳೆದುಕೊಳ್ಳುತ್ತದೆ, ಬಟ್ಟೆ ಬಿಗಿಯುತ್ತದೆ. ಹಳೇ ಡೇರೆಗಳ ಹಗ್ಗ ಮಳೆಗೆ ಗೂಟ ಕೀಳುವಷ್ಟು ಬಿಗಿಯುತ್ತಿದ್ದದ್ದೂ ಇದೇ ಕಾರಣಕ್ಕೆ. ನೈಲಾನ್ ಸರಿಯಾಗಿ ಇದರ ಉಲ್ಟಾ. ನೀರು ಹೊಯ್ದರೆ ಇನ್ನಷ್ಟು ಜೋಲುತ್ತದೆ.

ನಿಮ್ಮ ಭಾವನವರ ತಮಟೆಯ ಮಾತು ಹೆಚ್ಚು ಹತ್ತಿರಕ್ಕೆ ಬರುತ್ತದೆ. ಚರ್ಮವೂ ತೇವಕ್ಕೆ ಸಡಿಲವಾಗಿ ಒಣಗಿದರೆ ಬಿಗಿಯುವಂಥದ್ದೇ, ನೈಲಾನ್ ಈ ವಿಷಯದಲ್ಲಿ ಚರ್ಮದ ಅಣ್ಣತಮ್ಮ. ಕಾಯಿಸಿದಾಗ ಒಳಗಿನ ನೀರು ಹೋಗಿ ಬಿಗಿಯುತ್ತದೆ, ಮತ್ತೆ ತೇವ ಹಿಡಿದ ಕೂಡಲೇ ಸಡಿಲ. ತಮಟೆ ಬಾರಿಸುವವರು ಹೊತ್ತುಹೊತ್ತಿಗೆ ಕಾಯಿಸಿಕೊಳ್ಳುತ್ತಾರೆ, ಅವರಿಗೆ ಅದು ಸರಿ. ನೀವು ಕಯಾಕನ್ನು ಹಿನ್ನೀರಿನ ನಡುವೆ ಎಲ್ಲಿ ಕಾಯಿಸುತ್ತೀರಿ? ಅಲ್ಲದೆ ಚರ್ಮ ಕರಗುವುದಿಲ್ಲ. ನೈಲಾನ್‌ನ ಒಂದು ಸಾಮಾನ್ಯ ಬಗೆ 220 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೇ ಕರಗುತ್ತದೆ, ಒಮ್ಮೆ ಉರಿ ನಾಲಿಗೆ ಚಾಚಿದರೆ ತೂತು ಬಿದ್ದಂತೆಯೇ. ಬೆಂಕಿಯ ವಿಚಾರ ಬಿಟ್ಟುಬಿಡಿ.

ಆಚಾರ್ರ ಫೈಬರ್ ಮಾತ್ರ ನನಗೆ ಒಪ್ಪಿಗೆಯಿಲ್ಲ. ದಾರದಲ್ಲಿ ಕಟ್ಟಿದ ಚೌಕಟ್ಟಿಗೆ ಬಟ್ಟೆ ಹೊದಿಸುವುದರ ಲಾಭವೇ ಇಡೀ ದೋಣಿ ಬಳುಕುತ್ತದೆ, ಏನಾದರೂ ತಗುಲಿದರೆ ಬಟ್ಟೆ ಒಂದಿಷ್ಟು ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತದೆ ಎಂಬುದು. ಅದರ ಮೇಲೆ ಗಟ್ಟಿಯಾದ ರಾಳ ಕೂರಿಸಿದರೆ ಒಳಗಿನದು ಬಳುಕುತ್ತದೆ, ಹೊರಗಿನದು ಬಳುಕುವುದಿಲ್ಲ, ಉದ್ದಪಟ್ಟಿಗಳ ಗುಂಟ ಬಿರುಕು ಬಿಡುತ್ತದೆ. ಸಾಮಾನ್ಯ ಫೈಬರ್ ರಾಳ ನೈಲಾನ್‌ಗೆ ಚೆನ್ನಾಗಿ ಅಂಟುವುದೂ ಇಲ್ಲ. ಮೇಲಾಗಿ ತೂಕ. ಫೈಬರ್ ದೋಣಿಯೇ ಬೇಕಿದ್ದರೆ ಅದನ್ನು ಬೇರೆ ರೀತಿ ಕಟ್ಟಬೇಕು, ಅದು ಬೇರೆ ಕೆಲಸ.

ಇನ್ನು ನಿಮ್ಮ ಎನಾಮಲ್. ಬಣ್ಣ ಬಟ್ಟೆಯನ್ನು ಎಳೆಯುತ್ತದೆ ಎಂಬ ನಂಬಿಕೆ ಹಳೇ ಕಾಲದ ವಿಮಾನಗಳಿಂದ ಬಂದದ್ದು. ಆಗ ರೆಕ್ಕೆಗೆ ಹತ್ತಿ, ಲಿನನ್ ಬಟ್ಟೆ ಹೊದಿಸಿ ‘ಡೋಪ್’ ಎಂಬ ಲ್ಯಾಕರ್ ಬಳಿಯುತ್ತಿದ್ದರು, ಅದು ಒಣಗುತ್ತಾ ಬಟ್ಟೆಯನ್ನು ನಿಜವಾಗಿಯೂ ಬಿಗಿಯುತ್ತಿತ್ತು. ನಮ್ಮ ಅಂಗಡಿಯ ಎನಾಮಲ್‌ಗೆ ಆ ಗುಣವಿಲ್ಲ. ಸುಕ್ಕಿನ ಮೇಲೆ ಬಳಿದರೆ ಸುಕ್ಕು ಹಾಗೇ ಗಟ್ಟಿಯಾಗುತ್ತದೆ, ಆಮೇಲೆ ಹೊಲಿಗೆ ಬಿಚ್ಚಿ ಎಳೆಯುವ ದಾರಿಯೂ ಮುಚ್ಚುತ್ತದೆ. ಆದ್ದರಿಂದ ಇವತ್ತಿನ ಮಟ್ಟಿಗೆ ಬ್ರಷ್ ಮುಟ್ಟಬೇಡಿ.

ಮೊದಲು ಬಟ್ಟೆ ಯಾವುದೆಂದು ಖಾತ್ರಿ ಮಾಡಿಕೊಳ್ಳಿ. ಅಂಗಡಿಯಲ್ಲಿ ದಪ್ಪ ಸಿಂಥೆಟಿಕ್ ಎಲ್ಲವೂ ‘ನೈಲಾನ್’ ಆಗಿಬಿಡುತ್ತದೆ. ಅಂಚಿನಿಂದ ಎರಡು ಬೆರಳಗಲ ತುಂಡು ಕತ್ತರಿಸಿ, ಹೊರಗೆ ಅಂಗಳದಲ್ಲಿ ಇಕ್ಕಳದಲ್ಲಿ ಹಿಡಿದು ಉರಿಗೆ ಒಡ್ಡಿ. ಪಕ್ಕದಲ್ಲಿ ಬಕೆಟ್ ನೀರಿರಲಿ, ಕರಗಿದ ಹನಿ ಕೈಮೇಲೆ ಬಿದ್ದರೆ ಚರ್ಮ ಕಿತ್ತುಬರುತ್ತದೆ. ಕಾಗದ ಸುಟ್ಟ ವಾಸನೆ, ಉದುರುವ ಬೂದಿ: ಹತ್ತಿ. ಕಪ್ಪು ಮಸಿ ಬೀಳುವ ಹೊಗೆ, ಒಂಥರಾ ಸಿಹಿ ವಾಸನೆ, ಗಟ್ಟಿ ಕಪ್ಪು ಮಣಿ: ಪಾಲಿಯೆಸ್ಟರ್. ಹೊಗೆ ಕಡಿಮೆ, ತುದಿಯಲ್ಲಿ ಬೂದು ಅಥವಾ ಮಾಸಲು ಬಣ್ಣದ ಮಣಿ: ನೈಲಾನ್. ಎಣ್ಣೆ ದೀಪಕ್ಕಿಂತ ಗ್ಯಾಸ್ ಒಲೆ ಅಥವಾ ಲೈಟರ್ ವಾಸಿ, ದೀಪದ ಮಸಿಯೇ ಗೊಂದಲ ಮಾಡುತ್ತದೆ. ನಿಮ್ಮ ವರ್ಣನೆ ನೋಡಿದರೆ ಅಂಗಡಿಯವರು ಹೇಳಿದ್ದು ಸರಿ ಅಂತಲೇ ನನ್ನ ಊಹೆ. ಪಾಲಿಯೆಸ್ಟರ್ ಶೇ. 0.4ರಷ್ಟೇ ನೀರು ಹಿಡಿಯುತ್ತದೆ, ಅದು ಮಳೆಗೆ ಹೀಗೆ ಜೋಲುವುದಿಲ್ಲ.

ಈಗ ಸುಕ್ಕನ್ನು ಓದುವುದು. ಸುಕ್ಕು ಎಳೆತವಿರುವ ದಿಕ್ಕಿಗೆ ಮಲಗುತ್ತದೆ. ದೋಣಿಯ ಉದ್ದಕ್ಕೆ ಸುಕ್ಕು ಬಿದ್ದಿದ್ದರೆ ಅಡ್ಡ ಎಳೆತ ಸಾಲದು. ಅಡ್ಡಸುಕ್ಕಾದರೆ ಉದ್ದದ ಎಳೆತ ಸಾಲದು. ಓರೆಸುಕ್ಕಾದರೆ ಬಟ್ಟೆಯ ನೇಯ್ಗೆ ಓರೆಯಾಗಿ ಕೂತಿದೆ, ಇಲ್ಲವೇ ಚೌಕಟ್ಟೇ ತಿರುಚಿಕೊಂಡಿದೆ. ನಿಮ್ಮದು ಮೂತಿಯಲ್ಲಿ ಅಡ್ಡಸುಕ್ಕು. ನಾನು ನೋಡಿದ ಇಂಥ ದೋಣಿಗಳಲ್ಲಿ ಬಹುಪಾಲಿಗೆ ಕಾರಣ ಒಂದೇ: ಕೂರುವ ಬಾಯಿಯ ಸುತ್ತಿನ ಮರದ ಬಳೆಯನ್ನು ಅವಸರದಲ್ಲಿ ಮೊದಲೇ ಹೊಲಿದುಬಿಟ್ಟಿರುತ್ತಾರೆ. ಬಳೆ ಹೊಲಿದ ಮೇಲೆ ಬಟ್ಟೆ ಅಲ್ಲಿಗೆ ಕಚ್ಚಿಕೊಳ್ಳುತ್ತದೆ, ಹಿಂದಿನಿಂದ ಎಷ್ಟು ಎಳೆದರೂ ಮುಂದಿನ ಭಾಗಕ್ಕೆ ಎಳೆತ ತಲುಪುವುದಿಲ್ಲ. ಬಳೆ ಯಾವಾಗಲೂ ಕೊನೆಗೆ.

ಮಳೆಯ ಪಾಲೆಷ್ಟು, ಹೊಲಿಗೆಯ ಪಾಲೆಷ್ಟು ಅಂತ ತಿಳಿಯಬೇಕಿದ್ದರೆ ದೋಣಿಯನ್ನು ಎರಡು ದಿನ ಕಾಫಿ ದಾಸ್ತಾನು ಕೋಣೆಯಂಥ ಒಣ ಜಾಗದಲ್ಲಿಟ್ಟು, ಬಾಗಿಲು ಹಾಕಿ, ಒಂದು ರೂಮ್ ಹೀಟರನ್ನು ದೂರದಲ್ಲಿಡಿ. ಹೋದ ಸುಕ್ಕು ಮಳೆಯದ್ದು, ಉಳಿದದ್ದು ಹೊಲಿಗೆಯದ್ದು.

ಪಕ್ಕೆಯ ಗುರುತುಗಳ ಬಗ್ಗೆ ನೀವು ಒಂದೇ ವಾಕ್ಯ ಬರೆದಿದ್ದೀರಿ. ನನಗೆ ಸುಕ್ಕಿಗಿಂತ ಹೆಚ್ಚು ಚಿಂತೆ ಅದರದ್ದು. ಬಟ್ಟೆ ಉದ್ದಪಟ್ಟಿಗಳ ಮೇಲೆ ಮಾತ್ರ ಕೂರಬೇಕು, ಪಕ್ಕೆಗಳಿಗೆ ತಾಗಲೇಬಾರದು. ತಾಗಿದ ಕಡೆ ಹೊರಗಿನಿಂದ ಮರಳು, ಒಳಗಿನಿಂದ ಬಿದಿರು, ನಡುವೆ ಬಟ್ಟೆ ಸವೆಯುತ್ತದೆ. ಸೀಳಿದ ಬಿದಿರಿನ ಅಂಚು ಚಾಕುವಿನಷ್ಟೇ ಹರಿತ, ಗಿಣ್ಣು ಇನ್ನೂ ಕೆಟ್ಟದ್ದು. ಹೊಲಿಗೆ ಹೇಗೂ ಬಿಚ್ಚುತ್ತೀರಲ್ಲ, ಆಗ ಮೊದಲು ಇದನ್ನು ಸರಿಮಾಡಿ. ಪಕ್ಕೆ ಕೆತ್ತಿ ತೆಳ್ಳಗೆ ಮಾಡುವುದಕ್ಕಿಂತ ಉದ್ದಪಟ್ಟಿಗಳ ಮೇಲೆ ಕಾಲಿಂಚು ದಪ್ಪದ ರೀಪು ಅಂಟಿಸಿ ಕಟ್ಟಿ ಎತ್ತರಿಸುವುದು ಕ್ಷೇಮ. ಚೌಕಟ್ಟಿನ ಮೇಲೆಲ್ಲ ಬರಿಗೈ ಸವರಿ ನೋಡಿ, ಅಂಗೈಗೆ ಚುಚ್ಚುವುದೆಲ್ಲ ಬಟ್ಟೆಗೂ ಚುಚ್ಚುತ್ತದೆ. ಬಿದಿರಿನಿಂದ ಬಿಳಿ ಪುಡಿ ಉದುರುತ್ತಿದ್ದರೆ ಹುಳು ಬಿದ್ದಿದೆ ಅಂತರ್ಥ. ಅಂಥ ಪಕ್ಕೆಯನ್ನು ಮುಲಾಜಿಲ್ಲದೆ ಬದಲಿಸಿ.

ಇಷ್ಟಾದ ಮೇಲೆ ನನ್ನ ಸಲಹೆ: ಅದೇ ನೈಲಾನ್ ಉಳಿಸಿಕೊಳ್ಳಿ, ಹೊಲಿಗೆ ಬಿಚ್ಚಿ, ಈ ಮಳೆಯಲ್ಲೇ, ಬಟ್ಟೆ ನೆನೆಸಿ ಮತ್ತೆ ಹೊಲಿಯಿರಿ.

ಇದು ನಾನು ಕಂಡುಹಿಡಿದದ್ದಲ್ಲ. ಗ್ರೀನ್‌ಲ್ಯಾಂಡಿನ ಇನ್ಯೂಟ್ ಜನ ಸೀಲ್ ಚರ್ಮವನ್ನು ಹಸಿಯಾಗಿದ್ದಾಗಲೇ ಕಯಾಕ್ ಚೌಕಟ್ಟಿಗೆ ಎಳೆದು ಹೊಲಿಯುತ್ತಿದ್ದರು, ಒಣಗುತ್ತಾ ಅದು ತಾನೇ ಬಿಗಿಯುತ್ತಿತ್ತು. ಹೊಲಿಯಲು ಪ್ರಾಣಿಗಳ ಸ್ನಾಯುವಿನ ನಾರು. ಅದು ನೆನೆದಾಗ ಉಬ್ಬಿ ಸೂಜಿಯ ತೂತನ್ನು ಮುಚ್ಚಿಕೊಳ್ಳುತ್ತಿತ್ತು (ನಮ್ಮ ನೈಲಾನ್ ದಾರಕ್ಕೆ ಆ ಜಾಣತನವಿಲ್ಲ, ಅದಕ್ಕೇ ಹೊಲಿಗೆಯ ಮೇಲೆ ಲೇಪ ಬೇಕು). ಚರ್ಮದ ದೋಣಿ ನಮಗೂ ಹೊಸದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಹತ್ತಿರ ಜನ ಬುಟ್ಟಿಯಂಥ ದುಂಡನೆಯ, ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಅದೇ ನಮ್ಮ ಹರಿಗೋಲು. ಈಗ ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ. ನೈಲಾನ್ ಚರ್ಮದ ಸ್ವಭಾವದ್ದು ಅಂದಮೇಲೆ ಚರ್ಮಕ್ಕೆ ಮಾಡುತ್ತಿದ್ದದ್ದನ್ನೇ ಅದಕ್ಕೂ ಮಾಡಬೇಕು. ಅತಿ ಉದ್ದವಾಗಿರುವಾಗ ಹಿಡಿದು ಹೊಲಿದರೆ ಮುಂದೆ ಅದು ಬಿಗಿಯಬಹುದೇ ಹೊರತು ಇನ್ನಷ್ಟು ಜೋಲಲಾರದು. ಏಪ್ರಿಲ್‌ನಲ್ಲಿ ನೀವು ಹೊಲಿದದ್ದು ಅದು ಅತಿ ಗಿಡ್ಡವಾಗಿರುವಾಗ.

ಪೂರ್ತಿ ಬಿಚ್ಚಬೇಕಾಗಿಲ್ಲ. ಮೊದಲು ಬಳೆ ಬಿಡಿಸಿ. ಆಮೇಲೆ ಮೇಲ್ಭಾಗದ ನಡುವಿನ ಹೊಲಿಗೆ. ಕೊನೆಗೆ ಮೂತಿಯ ಕಡೆ ಮೂರು ಅಡಿ. ಹಿಂದಿನ ತುದಿ ಚೆನ್ನಾಗಿ ಕೂತಿದ್ದರೆ ಹಾಗೇ ಇರಲಿ. ಬಟ್ಟೆಯನ್ನು ನೀರಿನಲ್ಲಿ ಚೆನ್ನಾಗಿ ತೋಯಿಸಿ, ಅರ್ಧ ಗಂಟೆ ಬಿಡಿ. ಒಬ್ಬರು ಹಿಂಬದಿ ಹಿಡಿದಿರಲಿ, ನೀವು ಮೂತಿಯತ್ತ ಎಳೆಯಿರಿ. ಉದ್ದದ ಎಳೆತ ಪೂರ್ತಿ ಆದ ಮೇಲೆಯೇ ಅಡ್ಡದ್ದು, ಈ ಕ್ರಮ ತಪ್ಪಿಸಬೇಡಿ. ಮೂತಿ ಹೊಲಿದು ಭದ್ರ ಮಾಡಿ, ಬಳಿಕ ಎರಡೂ ಅಂಚುಗಳ ನಡುವೆ ಶೂ ಲೇಸಿನ ಹಾಗೆ ದಾರ ಓಡಿಸಿ, ಒಂದೊಂದು ಗೇಣಿಗೂ ಎಡ-ಬಲ ಸಮನಾಗಿ ಬಿಗಿಯುತ್ತಾ ಹೋಗಿ. ಒಂದೇ ಕಡೆ ಜಗ್ಗಿದರೆ ಚೌಕಟ್ಟು ತಿರುಚುತ್ತದೆ. ಮೂತಿಯಿಂದ ಹಿಂಬದಿಗೆ ಒಂದು ನೂಲು ಬಿಗಿದಿಟ್ಟುಕೊಂಡರೆ ತಿರುಚಿದ್ದು ಕೂಡಲೇ ಗೊತ್ತಾಗುತ್ತದೆ. ಹೆಚ್ಚಾದ ಬಟ್ಟೆ ಮಡಚಿ ಒಳಗೆ ಹಾಕಿ, ಮೇಲಿಂದ ಒತ್ತೊತ್ತಾಗಿ ಎರಡನೇ ಹೊಲಿಗೆ. ಗೋಣಿ ಹೊಲಿಯುವ ದಬ್ಬಣ ದೊಡ್ಡ ತೂತು ಮಾಡುತ್ತದೆ. ಚಪ್ಪಲಿ ಹೊಲಿಯುವವರ ಹತ್ತಿರ ಸಿಗುವ ಬಾಗಿದ ಸೂಜಿ, ಮೇಣ ತಿಕ್ಕಿದ ದಾರ ತನ್ನಿ. ನೈಲಾನ್ ಅಂಚನ್ನು ಕತ್ತರಿಯಿಂದ ಕತ್ತರಿಸಿದರೆ ಎಳೆ ಬಿಚ್ಚುತ್ತದೆ, ಕಾಯಿಸಿದ ಚಾಕುವಿನಿಂದ ಕತ್ತರಿಸಿ.

ಎಷ್ಟು ಬಿಗಿ? ಅಪಾಯ ಇರುವುದು ಇಲ್ಲೇ. ನೆನೆದಾಗಲೇ ಮೈಬಲವೆಲ್ಲ ಹಾಕಿ ಬಿಗಿದರೆ ಫೆಬ್ರವರಿ-ಮಾರ್ಚ್‌ನಲ್ಲಿ ಒಣಗಿ ಇನ್ನೂ ಎರಡು-ಮೂರು ಇಂಚು ಎಳೆಯುತ್ತದೆ, ಎರಡೂ ತುದಿ ಮೇಲಕ್ಕೆ ಬಾಗುತ್ತವೆ ಅಥವಾ ಪಕ್ಕೆ ಮುರಿಯುತ್ತದೆ. ಸಿಲ್ವರ್ ಓಕ್ ಕಾಫಿ ತೋಟದಲ್ಲಿ ಸುಲಭಕ್ಕೆ ಸಿಗುತ್ತದೆ ಸರಿ, ಆದರೆ ಗಂಟಿರುವ ಪಟ್ಟಿ ಬಾಗುವ ಬದಲು ಸಿಡಿಯುತ್ತದೆ. ಕೈಯಿಂದ ಎಳೆದು ಸುಕ್ಕು ಹೋಗುವಷ್ಟು ಸಾಕು, ದೊಣ್ಣೆಗೆ ದಾರ ಸುತ್ತಿ ಮೀಟಬೇಡಿ. ಎರಡು ಪಟ್ಟಿಗಳ ನಡುವೆ ಹೆಬ್ಬೆರಳು ಒತ್ತಿದರೆ ಸ್ವಲ್ಪ ತಗ್ಗಬೇಕು. ಅಷ್ಟಾದರೂ ಪ್ರತಿ ಮಳೆಗಾಲಕ್ಕೆ ಸ್ವಲ್ಪ ಮೆತ್ತಗಾಗುವುದು ಇದ್ದದ್ದೇ. ಅದರಿಂದ ವೇಗ ಒಂದಿಷ್ಟು ಕಡಿಮೆಯಾಗಬಹುದು, ದೋಣಿ ಮುಳುಗುವುದಿಲ್ಲ.

ಇದು ಬೇಡ, ಪ್ರತಿ ವರ್ಷದ ಈ ಜೋಲಾಟವೇ ಬೇಡ ಅನ್ನಿಸಿದರೆ ಪಾಲಿಯೆಸ್ಟರ್ ಇದೆ. ಒಣಗಿದ್ದಾಗಲೇ ಕೈಬಿಗಿಗೆ ಹೊಲಿದು ಇಸ್ತ್ರಿ ಪೆಟ್ಟಿಗೆಯಿಂದ ಬಿಗಿಸುವ ಬಟ್ಟೆ ಅದು, ಒಮ್ಮೆ ಬಿಗಿದದ್ದು ಮಳೆಗೆ ಸಡಿಲವಾಗುವುದಿಲ್ಲ. ಇಸ್ತ್ರಿಯ ಒಂದು ಚುಕ್ಕೆ ಅಂದರೆ ಸುಮಾರು 110 ಡಿಗ್ರಿ, ಎರಡು ಚುಕ್ಕೆ 150. ಒಂದರಿಂದ ಶುರುಮಾಡಿ ನಿಧಾನಕ್ಕೆ ಎರಡಕ್ಕೆ ಹೋಗಬೇಕು. ಮೂರನೇ ಚುಕ್ಕೆಗೆ, ಅಂದರೆ 200ಕ್ಕೆ ಹೋದರೆ ಬಂದ ಬಿಗಿಯೂ ಹೋಗುತ್ತದೆ. ತೊಂದರೆ ಎಲ್ಲಿ ಅಂದರೆ, ಮಿಲ್ಲಿನಲ್ಲೇ ಶಾಖ ಕೊಟ್ಟು ಹದ ಮಾಡಿದ ಪಾಲಿಯೆಸ್ಟರ್ ಇಸ್ತ್ರಿಗೆ ಹೆಚ್ಚು ಎಳೆದುಕೊಳ್ಳುವುದಿಲ್ಲ. ಕೋರಾ ಬಟ್ಟೆಯೇ ಬೇಕು. ಕೊಳ್ಳುವ ಮುಂಚೆ ಒಂದು ತುಂಡು ತಂದು, 10 ಇಂಚಿನ ಗೆರೆ ಎಳೆದು, ಇಸ್ತ್ರಿ ಮಾಡಿ ಅಳೆದು ನೋಡಿ. ಅರ್ಧ ಇಂಚಾದರೂ ಕುಗ್ಗದಿದ್ದರೆ ಬೇಡ. ಸ್ಕೂಲ್ ಬ್ಯಾಗಿನ ಬಟ್ಟೆ, ಒಳಗೆ ಲೇಪ ಇರುವುದು, ಅದೂ ಬೇಡ, ಬಣ್ಣ ನೇಯ್ಗೆಯೊಳಗೆ ಇಳಿಯುವುದಿಲ್ಲ. ಗೀರು, ಹರಿತ ತಡೆಯುವುದರಲ್ಲಿ ನೈಲಾನ್‌ನದೇ ಮೇಲುಗೈ. ಹೇಮಾವತಿ ಹಿನ್ನೀರಿನಲ್ಲಿ ಮುಳುಗಿದ ಮರದ ಬುಡಗಳಿರುವುದರಿಂದ ನಾನು ನಿಮಗೆ ನೈಲಾನ್ ಬಿಡಿ ಅನ್ನುತ್ತಿಲ್ಲ.

ಲಾರಿ ಟಾರ್ಪಾಲು ಗಟ್ಟಿ, ಆದರೆ ಭಾರ, ಎಳೆದರೂ ಕಾಯಿಸಿದರೂ ಕುಗ್ಗದು, ತುದಿಗಳಲ್ಲಿ ನೆರಿಗೆ ಹಿಡಿದೇ ಕೂರಿಸಬೇಕು. ಕಾಫಿ, ಮೆಣಸು ಒಣಗಿಸುವ ತೆಳು ಟಾರ್ಪಾಲಿಗೆ ಬಣ್ಣ ಅಂಟುವುದೇ ಇಲ್ಲ. ಹತ್ತಿ ಕ್ಯಾನ್ವಾಸ್ ಚೆಂದ, ಆದರೆ ನಿಮ್ಮ ಕಡೆಯ ಬೂಷ್ಟಿಗೆ ಅದು ಎಷ್ಟು ದಿನ? ಅದಕ್ಕೆ ಅಗಸೆ ಎಣ್ಣೆ ಬಳಿಯಲು ಹೊರಟರೆ ಎಣ್ಣೆ ಒರೆಸಿದ ಚಿಂದಿಗಳನ್ನು ಮುದ್ದೆ ಮಾಡಿ ಎಸೆಯಬೇಡಿ, ತಾವಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುತ್ತವೆ.

ಲೇಪ ಯಾವಾಗ? ಈಗಂತೂ ಅಲ್ಲ. ಹೊಲಿದ ದೋಣಿಯನ್ನು ನೆರಳಲ್ಲಿ ಗಾಳಿಯಾಡುವಂತೆ ತೂಗುಹಾಕಿ, ದೀಪಾವಳಿ ಕಳೆಯಲಿ, ಚಳಿಗಾಲದ ಒಣ ಹವೆ ಬರಲಿ. ನೈಲಾನ್‌ಗೆ ಹೊಂದುವುದು ಹಾರ್ಡನರ್ ಬೆರೆಸುವ ಎರಡು ಡಬ್ಬಿಯ ಪಾಲಿಯುರೆಥೇನ್. ಅದರಲ್ಲೂ ಬಾಗಿದರೆ ಬಿರಿಯದ ಬಗೆ, ಬೀರು, ಮೇಜಿಗೆ ಹೊಡೆಯುವ ಗಟ್ಟಿ ಪಾಲಿಯುರೆಥೇನ್ (ಪಿಯು) ಅಲ್ಲ. ಈ ಹಾರ್ಡನರ್ ನೀರಿನ ಅಂಶದ ಜೊತೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಹೊರಬಂದು ಲೇಪದ ತುಂಬ ಗುಳ್ಳೆ ಏಳುತ್ತದೆ. ಆದ್ದರಿಂದ ಬೆಳಗಿನ ಮಂಜು, ಇಬ್ಬನಿ ಪೂರ್ತಿ ಹಾರಿದ ಮೇಲೆ, ಹನ್ನೊಂದರಿಂದ ಮೂರು ಗಂಟೆಯೊಳಗೆ ಬಳಿಯಿರಿ. ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಉಸಿರಾಟಕ್ಕೆ ಕೆಟ್ಟದ್ದು, ಕೆಲವರಿಗೆ ಉಬ್ಬಸವನ್ನೇ ತಂದಿಡುತ್ತದೆ. ಟವೆಲ್ ಕಟ್ಟಿಕೊಂಡರೆ ಪ್ರಯೋಜನವಿಲ್ಲ, ರಾಸಾಯನಿಕಕ್ಕೆಂದೇ ಇರುವ ಕಾರ್ಟ್ರಿಡ್ಜ್ ಮಾಸ್ಕ್, ಕೈಗವಸು ಬೇಕು, ಮನೆಯಲ್ಲಿ ಉಬ್ಬಸ ಇರುವವರು ಹತ್ತಿರ ಸುಳಿಯಬಾರದು. ಎನಾಮಲ್ ಪಾಲಿಯೆಸ್ಟರ್‌ಗೆ ಪರವಾಗಿಲ್ಲ, ಮೊದಲ ಕೋಟ್ ತೆಳ್ಳಗೆ ಮಾಡಿ ನೇಯ್ಗೆಯೊಳಗೆ ಇಳಿಸಬೇಕು. ಹಿಗ್ಗಿ ಕುಗ್ಗುವ ನೈಲಾನ್ ಮೇಲೆ ಅದು ಕಾಲಾಂತರದಲ್ಲಿ ಬಿರಿಯುತ್ತದೆ. ಯಾವುದೇ ಆಗಲಿ, ಮೊದಲು ಉಳಿದ ತುಂಡಿಗೆ ಬಳಿದು, ವಾರ ಬಿಟ್ಟು, ಮಡಚಿ, ಬಕೆಟ್‌ನಲ್ಲಿ ಎರಡು ದಿನ ಮುಳುಗಿಸಿಟ್ಟು ನೋಡಿ. ಹೊಲಿಗೆಗಳ ಮೇಲೆ ಒಂದು ಕೋಟ್ ಹೆಚ್ಚು.

ಇಳಿಸುವುದು ಬೇಸಿಗೆಗೆ ಮುಂಚೆ ಆಗಲಿ. ಅದೇ ಹೇಮಾವತಿ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿ ಚರ್ಚ್ ಸುತ್ತ ನೀರು ಇಳಿದಂತೆಲ್ಲ ಬುಡ, ಕಲ್ಲು ಮೇಲಕ್ಕೆ ಬರುತ್ತವೆ. ಅಲ್ಲಿಗೆ ಹೋಗುವ ಮುಂಚೆ ಊರ ಕೆರೆಯಲ್ಲಿ, ಎದೆಮಟ್ಟದ ನೀರಿನಲ್ಲಿ ಒಂದು ದಿನ ಕಳೆಯಿರಿ, ಬೇಕೆಂದೇ ಮಗುಚಿ ಹೊರಬರುವುದನ್ನು ಕಲಿಯಿರಿ. ಬಟ್ಟೆಯ ದೋಣಿಯೊಳಗೆ ನೀರು ತುಂಬಿದರೆ ಮರ ತೇಲುತ್ತದೆ ನಿಜ, ಆದರೆ ಅದನ್ನು ಖಾಲಿ ಮಾಡಲು ನಡುನೀರಿನಲ್ಲಿ ಆಗುವುದಿಲ್ಲ. ಮುಂದೆ-ಹಿಂದೆ ಗಾಳಿ ತುಂಬಿದ ಚೀಲ ಅಥವಾ ಟ್ಯೂಬ್ ತುರುಕಿ, ಹೊರಬಾರದಂತೆ ಕಟ್ಟಿಡಿ. ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ. ಅಣೆಕಟ್ಟೆಯ ನೀರಾದ್ದರಿಂದ ನೀರಾವರಿ ಇಲಾಖೆಯವರನ್ನು ಮೊದಲೇ ಕೇಳಿ. ಮುಂದೆಂದಾದರೂ ಲಕ್ಕವಳ್ಳಿ ಕಡೆ ಭದ್ರಾ ಹಿನ್ನೀರಿಗೆ ಆಸೆಪಟ್ಟರೆ, ಅದು ಹುಲಿ ಮೀಸಲು ಪ್ರದೇಶಕ್ಕೆ ತಾಗಿದ ನೀರು, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಇಳಿಯುವ ಹಾಗಿಲ್ಲ.

ಸುಟ್ಟು ನೋಡಿದಾಗ ಬಟ್ಟೆ ಪಾಲಿಯೆಸ್ಟರ್ ಅಂತ ಬಂದರೆ ಮೇಲಿನ ಲೆಕ್ಕ ತಲೆಕೆಳಗಾಗುತ್ತದೆ. ಆಗ ನೀರು ಮುಟ್ಟಿಸಬೇಡಿ, ಬಳೆ ಬಿಡಿಸಿ ಉದ್ದಕ್ಕೆ ಎಳೆದು ಹೊಲಿದು, ಒಂದು ಚುಕ್ಕೆಯ ಇಸ್ತ್ರಿಯಿಂದ ಶುರುಮಾಡಿ.